ನರ ಕೈಬಿಟ್ಟ ಸ್ನಾಯು

ವಯಸ್ಸಾದವರು ಕುರ್ಚಿಯಿಂದ ಏಳುವುದನ್ನು ಗಮನಿಸಿ. ಮೊದಲು ಅಂಚಿಗೆ ಸರಿಯುತ್ತಾರೆ, ಪಾದ ಒಳಗೆಳೆದುಕೊಳ್ಳುತ್ತಾರೆ, ಆಮೇಲೆ ಮುಂದಕ್ಕೆ ಬಾಗಿ ಕೈಯೂರಿ ಏಳುತ್ತಾರೆ. ತೊಡೆ ಮಾಡಬೇಕಿದ್ದ ಕೆಲಸದ ಒಂದು ಪಾಲನ್ನು ತೋಳು ಹೊತ್ತಿರುತ್ತದೆ. ವೈದ್ಯರು ಮಾಡುವ ಪರೀಕ್ಷೆಯೂ ಇದೇ: ಕೈಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಅದಕ್ಕೆ 15 ಸೆಕೆಂಡು ದಾಟಿದರೆ ಸಾರ್ಕೋಪೀನಿಯಾ, ಅಂದರೆ ಮುಪ್ಪಿನ ಸ್ನಾಯುಕ್ಷಯ, ಇರಬಹುದೆಂಬ ಗುಮಾನಿ. ಇದು ಯುರೋಪಿನ ತಜ್ಞರು ಹಾಕಿದ ಗೆರೆ. ಏಷ್ಯಾದ ತಜ್ಞರದು ಇನ್ನೂ ಬಿಗಿ, 12 ಸೆಕೆಂಡು.

ಬಳಸದ ಸ್ನಾಯು ಸೊರಗುತ್ತದೆ, ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ 1988ರಲ್ಲಿ ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು 15ರಿಂದ 83 ವರ್ಷದೊಳಗಿನ 43 ಗಂಡಸರ ತೊಡೆಯ ಸ್ನಾಯುವನ್ನು, ಅವರ ಮರಣಾನಂತರ, ಅಡ್ಡಡ್ಡ ಸೀಳಿ ಪರೀಕ್ಷಿಸಿದರು. 20ರಿಂದ 80ರ ನಡುವೆ ಸ್ನಾಯುವಿನ ವಿಸ್ತೀರ್ಣ ಸುಮಾರು ಶೇ 40ರಷ್ಟು ಇಳಿದಿತ್ತು. ತಂತುಗಳು, ಅಂದರೆ ಸ್ನಾಯುವಿನ ಎಳೆಗಳು, ತೆಳ್ಳಗಾದದ್ದು ಇದಕ್ಕೆ ಸಣ್ಣ ಕಾರಣ. ಮುಖ್ಯ ಕಾರಣ, ತಂತುಗಳ ಸಂಖ್ಯೆಯೇ ಕಡಿಮೆಯಾಗಿತ್ತು.

ಎಲ್ಲಿಗೆ ಹೋದವು? ಉತ್ತರ ಹುಡುಕಲು ಬೆನ್ನುಹುರಿಗೆ ಹೋಗಬೇಕು. ಸ್ನಾಯುವಿಗೆ ಆಜ್ಞೆ ಕಳಿಸುವ, ಅಲ್ಲಿರುವ ಒಂದೊಂದು ಚಾಲಕ ನರಕೋಶಕ್ಕೂ ತನ್ನದೇ ತಂತುಗಳ ಗುಂಪು ಇರುತ್ತದೆ. ತೊಡೆಯಂಥ ದೊಡ್ಡ ಸ್ನಾಯುವಿನಲ್ಲಿ ಒಂದು ಗುಂಪಿಗೆ ನೂರಾರು ತಂತು. ತಂತುಗಳಲ್ಲಿ ಬೇಗ ಸೆಳೆಯುವ ವೇಗದವು, ನಿಧಾನಕ್ಕೆ ಸೆಳೆಯುವ ನಿಧಾನದವು ಎಂದು ಎರಡು ಬಗೆ; ಅವನ್ನು ಆಳುವ ನರಗಳೂ ಹಾಗೆಯೇ. ವಯಸ್ಸಾದಂತೆ ಈ ನರಕೋಶಗಳಲ್ಲಿ ಕೆಲವು ಸಾಯುತ್ತವೆ, ಇನ್ನು ಕೆಲವು ತುದಿಯಲ್ಲಿ ಹಿಡಿತ ಸಡಿಲಿಸುತ್ತವೆ. ಅನಾಥವಾದ ತಂತುಗಳನ್ನು ಪಕ್ಕದ ನರ ಹೊಸ ಕವಲು ಚಾಚಿ ದತ್ತು ತೆಗೆದುಕೊಳ್ಳುತ್ತದೆ. ಒಳ್ಳೆಯ ಏರ್ಪಾಡೇ, ಆದರೆ ದತ್ತು ಪಡೆಯುವುದು ಹೆಚ್ಚಾಗಿ ನಿಧಾನದ ನರ. ತಂತು ಹೊಸ ನರದ ಸ್ವಭಾವವನ್ನೇ ಮೈಗೂಡಿಸಿಕೊಳ್ಳುತ್ತದೆ; ವೇಗದ ತಂತು ನಿಧಾನದ್ದಾಗುತ್ತದೆ. ಯಾರೂ ಸಿಗದ ತಂತು ಕ್ಷೀಣಿಸಿ ಅಳಿಯುತ್ತದೆ, ಆ ಜಾಗಕ್ಕೆ ಕೊಬ್ಬು ನುಸುಳುತ್ತದೆ. ಆದ್ದರಿಂದ ತೊಡೆಯ ಸುತ್ತಳತೆ ನೋಡಿ ಸಮಾಧಾನಪಡುವಂತಿಲ್ಲ. ಬಲ ಇಳಿಯುವ ವೇಗ ಗಾತ್ರ ಇಳಿಯುವ ವೇಗಕ್ಕಿಂತ ಹೆಚ್ಚು.

ವೇಗದ ತಂತುಗಳು ಬೇಕಾಗುವುದು ಎಡವಿದಾಗ. ಮುಗ್ಗರಿಸಿದ ದೇಹವನ್ನು ತಡೆಯಲು ಇನ್ನೊಂದು ಕಾಲನ್ನು ಕ್ಷಣಾರ್ಧದಲ್ಲಿ ಮುಂದಿಡಬೇಕು. ಕಾಲು ಮುಂದೆ ಬಂದೇ ಬರುತ್ತದೆ, ತಡವಾಗಿ. ಸೊಂಟದ ಮೂಳೆ ಮುರಿದಾಗ ನಾವು ಮೂಳೆಯನ್ನಷ್ಟೇ ದೂರುತ್ತೇವೆ.

ಸ್ನಾಯುವಿನೊಳಗೂ ತೊಡಕಿದೆ. ಊಟದ ಪ್ರೋಟೀನಿನಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೊಸ ಪ್ರೋಟೀನ್ ಕಟ್ಟುವಂತೆ ಸ್ನಾಯುವಿಗೆ ಸೂಚನೆ ಕೊಡುತ್ತದೆ; ಮುದಿ ಸ್ನಾಯುವಿಗೆ ಅದು ಮಂದವಾಗಿ ಕೇಳಿಸುತ್ತದೆ. ಹಾಗಾಗಿ ಆರೋಗ್ಯವಂತ ಹಿರಿಯರಿಗೆ ದಿನಕ್ಕೆ, ದೇಹದ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುವುದು. ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ. ಇನ್ನು ಹಾಸಿಗೆ ಹಿಡಿಯುವುದಂತೂ ನಿಜಕ್ಕೂ ದುಬಾರಿ: 2007ರ ಒಂದು ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರು ಬರೀ 10 ದಿನ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋ ಕೊಬ್ಬುರಹಿತ ಅಂಗಾಂಶ ಕಳೆದುಕೊಂಡರು.

1990ರಲ್ಲಿ ಮರಿಯಾ ಫಿಯಾಟರೋನ್ ತಂಡ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಂದ 8 ವಾರ ಕಾಲಿನಿಂದ ಭಾರ ಎತ್ತಿಸಿತು. ಭಾರವೆಂದರೆ ನಿಜವಾದ ಭಾರ, ನೆಪಕ್ಕೆ ಕೈಕಾಲು ಆಡಿಸುವುದಲ್ಲ. ಇಬ್ಬರು ಊರುಗೋಲು ಬಿಟ್ಟರು. ತೊಡೆಯ ಸ್ನಾಯು ಸರಾಸರಿ ಶೇ 9ರಷ್ಟು ಹಿಗ್ಗಿತು. ಬಲ ಶೇ 174ರಷ್ಟು ಏರಿತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನರದ ಪಾಲು ದೊಡ್ಡದು: ಅಳಿದುಳಿದ ತಂತುಗಳನ್ನು ಒಟ್ಟಿಗೆ, ಬೇಗ ಕೆಲಸಕ್ಕೆಳೆಯುವುದನ್ನು ಅದು ಆ ವಯಸ್ಸಿನಲ್ಲೂ ಕಲಿಯಬಲ್ಲದು. ಆದರೆ ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಗರಿಷ್ಠ ಬಲದ ಶೇ 32ರಷ್ಟು ಇಳಿದುಹೋಯಿತು.