ರಕ್ತಕಣ ಎಷ್ಟು ಬಾಗುತ್ತದೆ?

ಕೆಂಪು ರಕ್ತಕಣದ ಅಡ್ಡಳತೆ ಸುಮಾರು 8 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ರಕ್ತವನ್ನು ಸೋಸುವ ಅಂಗವಾದ ಗುಲ್ಮದೊಳಗೆ ಅದು ನುಸುಳಬೇಕಾದ ಸೀಳುಗಳ ಅಗಲ ಒಂದು ಮೈಕ್ರಾನಿನ ಆಸುಪಾಸು. ಸುಮಾರು 120 ದಿನಗಳ ಆಯುಷ್ಯದಲ್ಲಿ ಮತ್ತೆ ಮತ್ತೆ ಇಂಥ ಕಿಂಡಿಗಳಲ್ಲಿ ತೂರಿ, ಹೊರಬಂದು, ಮೊದಲಿನ ಆಕಾರಕ್ಕೆ ಮರಳಲು ಅದಕ್ಕೆ ಸಾಧ್ಯವಾಗುವುದು ಮೆದುತನದಿಂದ. ಅದರೊಳಗೆ ನ್ಯೂಕ್ಲಿಯಸ್ ಇಲ್ಲ, ಹೀಮೋಗ್ಲೋಬಿನ್ ದ್ರಾವಣವಾಗಿರುತ್ತದೆ, ಪೊರೆಯ ಅಡಿಯಲ್ಲಿ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಹಿಗ್ಗುವ ಬಲೆಯಿದೆ. ಆ ದ್ರಾವಣ ಗಟ್ಟಿಯಾದರೆ ಅಥವಾ ಬಲೆ ಕೆಟ್ಟರೆ ಕಣ ಬಾಗಲಾರದು.

ಈ ಗುಣವನ್ನು ಅಳೆಯಲು ವಿಜ್ಞಾನಿಗಳಾದ ಮಾರ್ಸೆಲ್ ಬೆಸಿ ಮತ್ತು ನಾರ್ಲಾ ಮೋಹನ್‌ದಾಸ್ 1975ರಲ್ಲಿ ವಿವರಿಸಿದ ಉಪಕರಣ ಎಕ್ಟಾಸೈಟೋಮೀಟರ್. ಒಂದರೊಳಗೊಂದು ನಿಂತ ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಜಾಗದಲ್ಲಿ, ಅಂಟಂಟಾದ ದ್ರವದೊಂದಿಗೆ ಬೆರೆಸಿದ ರಕ್ತವನ್ನಿಟ್ಟು ಒಂದು ಸಿಲಿಂಡರನ್ನು ತಿರುಗಿಸಿದಾಗ, ದ್ರವದ ಎಳೆತಕ್ಕೆ ಸಿಕ್ಕ ಕಣಗಳು ಉದ್ದವಾಗುತ್ತವೆ. ಅವುಗಳ ಮೂಲಕ ಹಾಯಿಸಿದ ಲೇಸರ್ ಕಿರಣ ವಿವರ್ತನೆಗೊಂಡು (ಕಣಗಳ ಅಂಚಿನಲ್ಲಿ ಬಾಗಿ ಹರಡಿಕೊಂಡು) ಮೂಡಿಸುವ ದುಂಡನೆಯ ಚಿತ್ರವೂ ಆಗ ಅಂಡಾಕಾರ ತಾಳುತ್ತದೆ. ಆದರೆ ಅದು ಹಿಗ್ಗುವುದು ಕಣ ಹಿಗ್ಗಿದ ದಿಕ್ಕಿಗೆ ಲಂಬವಾಗಿ. ಬೆಳಕಿನ ಈ ಸ್ವಭಾವವನ್ನೇ ಅಳತೆಗೋಲು ಮಾಡಿಕೊಂಡದ್ದು ನನಗೆ ಬಹಳ ಸೊಗಸಾಗಿ ಕಾಣುತ್ತದೆ. ಗಡಸು ಕಣಗಳ ಚಿತ್ರ ಹೆಚ್ಚುಕಡಿಮೆ ದುಂಡಗೇ ಉಳಿಯುತ್ತದೆ.

ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲೂ ಕಂಡುಬರುವ ಸಿಕಲ್ ಸೆಲ್ ಕಾಯಿಲೆಯಲ್ಲಿ ಈ ಅಳತೆಗೆ ವಿಶೇಷ ಅರ್ಥವಿದೆ. ಅಲ್ಲಿ ಬದಲಾದ ಹೀಮೋಗ್ಲೋಬಿನ್, ಆಮ್ಲಜನಕ ಕಳೆದುಕೊಂಡಾಗ, ಉದ್ದನೆಯ ಎಳೆಗಳಾಗಿ ಹೆಣೆದುಕೊಂಡು ಕಣವನ್ನು ಕುಡುಗೋಲಿನಂತೆ ಬಗ್ಗಿಸಿ ಗಡಸಾಗಿಸುತ್ತದೆ. ಕಾಯಿಲೆ ಇದೆಯೇ ಎಂದು ತಿಳಿಯಲು ಹೀಮೋಗ್ಲೋಬಿನ್ ಪರೀಕ್ಷೆಯೇ ಬೇಕು, ಅದಕ್ಕೆ ಇದು ಬದಲಿಯಲ್ಲ. ಆದರೆ ಆಮ್ಲಜನಕವನ್ನು ಹಂತಹಂತವಾಗಿ ತಗ್ಗಿಸುತ್ತ ಅಳೆದರೆ, ಈ ರೋಗಿಯ ಕಣಗಳು ಯಾವ ಮಟ್ಟದಲ್ಲಿ ಗಡಸಾಗತೊಡಗುತ್ತವೆ, ಹೈಡ್ರಾಕ್ಸಿಯೂರಿಯಾ ಔಷಧ ಆರಂಭಿಸಿದ ಮೇಲೆ ಆ ಮಟ್ಟ ಕೆಳಗಿಳಿಯಿತೇ ಎಂಬುದು ತಿಳಿಯುತ್ತದೆ. ಒಂದೇ ಕಾಯಿಲೆಯಿರುವ ಇಬ್ಬರ ನೋವು ಒಂದೇ ಸಮ ಇರುವುದಿಲ್ಲವಾದ್ದರಿಂದ, ಇಂಥ ಮಾಹಿತಿ ವೈದ್ಯರ ಕೈಗೆ ಸಿಗಲೇಬೇಕೆಂದು ನಾನು ಭಾವಿಸುತ್ತೇನೆ.

ಈ ವಿಧಾನದ ದೊಡ್ಡ ಕೊರತೆಯೆಂದರೆ, ಅದು ಹೇಳುವುದು ಅಸಂಖ್ಯ ಕಣಗಳ ಸರಾಸರಿಯನ್ನು, ಆದರೆ ಅತಿ ಕಿರಿದಾದ ರಕ್ತನಾಳವಾದ ಲೋಮನಾಳವನ್ನು ಕಟ್ಟಿಹಾಕಲು ಕೆಲವೇ ಗಡಸು ಕಣಗಳು ಸಾಕು. ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೋಶಗಳು ಸೂಕ್ಷ್ಮ ಕಾಲುವೆಯೊಳಗೆ ಗೋಡೆ ತಾಕದೆ ರಭಸದಿಂದ ಹರಿಯುತ್ತವೆ, ಹರಿವಿನ ಒತ್ತಡಕ್ಕೆ ಅವು ಆಕಾರ ಬದಲಿಸುವುದನ್ನು ಅತಿವೇಗದ ಕ್ಯಾಮೆರಾ ಸೆಕೆಂಡಿಗೆ ನೂರಾರು ಕೋಶಗಳ ಲೆಕ್ಕದಲ್ಲಿ ಸೆರೆಹಿಡಿಯುತ್ತದೆ. ಪ್ರತಿಯೊಂದರ ಅಳತೆಯೂ ಬೇರೆಬೇರೆಯಾಗಿ ದಾಖಲಾಗುವುದರಿಂದ, ಗುಂಪಿನಲ್ಲಿ ಅಡಗಿದ ಗಡಸು ಕಣಗಳ ಪಾಲೆಷ್ಟು ಎಂಬುದನ್ನೂ ಎಣಿಸಬಹುದು.