ಲೈಬ್ರರಿ ಹಾಕಿದ್ದರೂ ಕ್ರಾಸ್ ಕಂಪೈಲ್ ಏಕೆ ನಿಂತುಹೋಗುತ್ತದೆ?

ಪ್ರಶ್ನೆ: ನನ್ನದು ಎಕ್ಸ್86-64 (ಸಾಮಾನ್ಯ ಪಿಸಿಯ ಪ್ರೊಸೆಸರ್ ಬಗೆ) ಯಂತ್ರ. ಡೆಬಿಯನ್ ಕಂಟೇನರ್ ಒಳಗೆ ಆರ್ಮ್64 ಬೋರ್ಡಿಗಾಗಿ ಒಂದು ಸಿ ಪ್ರೋಗ್ರಾಮ್ ಕಂಪೈಲ್ ಮಾಡುತ್ತಿದ್ದೇನೆ. ಕ್ರಾಸ್ ಕಂಪೈಲರ್ (ಒಂದು ಬಗೆಯ ಪ್ರೊಸೆಸರಿನಲ್ಲಿ ಓಡಿ ಇನ್ನೊಂದಕ್ಕೆ ಕೋಡ್ ಕಟ್ಟುವ ಕಂಪೈಲರ್) ಇದೆ, ಎಸ್‌ಕ್ಯೂಲೈಟ್ ಲೈಬ್ರರಿಯ ಡೆವ್ ಪ್ಯಾಕೇಜೂ ಹಾಕಿದ್ದೇನೆ. ಕಂಪೈಲ್ ಆಗುತ್ತದೆ, ಆದರೆ ಕೊನೆಯಲ್ಲಿ ಕೋಡನ್ನು ಲೈಬ್ರರಿಗಳಿಗೆ ಜೋಡಿಸುವ ಲಿಂಕರ್ ‘ಎಸ್‌ಕ್ಯೂಲೈಟ್3 ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಏನು ಬಿಟ್ಟುಹೋಗಿದೆ?

ಉತ್ತರ: ನೀವು ಹಾಕಿರುವುದು ಎಕ್ಸ್86ರ ಎಸ್‌ಕ್ಯೂಲೈಟ್. ಕಂಟೇನರ್ ಸ್ವತಃ ಎಕ್ಸ್86 ಆಗಿರುವುದರಿಂದ ಬರೀ ಪ್ಯಾಕೇಜಿನ ಹೆಸರು ಹೇಳಿದರೆ ಆಪ್ಟ್ (ಡೆಬಿಯನ್‌ನ ಪ್ಯಾಕೇಜ್ ತರುವ ಸಾಧನ) ತರುವುದು ಎಕ್ಸ್86 ಪ್ಯಾಕೇಜನ್ನೇ. ಪಕ್ಕದಲ್ಲಿ ಕ್ರಾಸ್ ಕಂಪೈಲರ್ ಇದೆಯೋ ಇಲ್ಲವೋ ಎಂಬುದನ್ನು ಅದು ನೋಡುವುದಿಲ್ಲ. ಕ್ರಾಸ್ ಕಂಪೈಲರ್ ತನ್ನ ಜೊತೆಗೆ ಆರ್ಮ್64ರ ಸಿ ಲೈಬ್ರರಿಯನ್ನು ಮಾತ್ರ ತರುತ್ತದೆ. ಸಣ್ಣ ಪ್ರೋಗ್ರಾಮುಗಳು ಅಷ್ಟರಲ್ಲೇ ಸಲೀಸಾಗಿ ಆಗಿಬಿಡುತ್ತವೆ, ಹೊರಗಿನ ಲೈಬ್ರರಿಯೊಂದು ಬೇಕಾದಾಗ ಕೊರತೆ ಕಾಣುತ್ತದೆ.

ಇಲ್ಲಿ ದಾರಿ ತಪ್ಪಿಸುವುದು ಹೆಡರ್ ಫೈಲು, ಅಂದರೆ ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರಿಗೆ ಹೇಳುವ ಫೈಲು. ಎಸ್‌ಕ್ಯೂಲೈಟಿನ ಹೆಡರ್ ಎಲ್ಲ ಆರ್ಕಿಟೆಕ್ಚರ್‌ಗಳಿಗೂ (ಪ್ರೊಸೆಸರ್ ಬಗೆಗಳಿಗೂ) ಒಂದೇ, ಅದು ಎಲ್ಲರಿಗೂ ಸಾಮಾನ್ಯವಾದ ಇನ್‌ಕ್ಲೂಡ್ ಫೋಲ್ಡರಿನಲ್ಲಿ ಕೂತಿರುತ್ತದೆ. ಕ್ರಾಸ್ ಕಂಪೈಲರ್ ಕೂಡ ಅಲ್ಲಿ ಹುಡುಕುವುದರಿಂದ ಕಂಪೈಲ್ ಹಂತ ದಾಟಿಬಿಡುತ್ತದೆ. ಲೈಬ್ರರಿ ಮಾತ್ರ ಆರ್ಕಿಟೆಕ್ಚರ್‌ಗೆ ತಕ್ಕ ಬೇರೆ ಫೋಲ್ಡರಿನಲ್ಲಿರುತ್ತದೆ, ಅಲ್ಲಿ ಲಿಂಕರ್ ಬರಿಗೈಯಲ್ಲಿ ವಾಪಸಾಗುತ್ತದೆ. ಇದೇ ತಪ್ಪು ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ವಿಷಯದಲ್ಲಿ ಆದರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ಅದರ ಸಂರಚನೆಯ ಹೆಡರ್ ಆರ್ಕಿಟೆಕ್ಚರ್ ಫೋಲ್ಡರಿನಲ್ಲೇ ಇರುವುದರಿಂದ ‘ಓಪನ್‌ಎಸ್‌ಎಸ್‌ಎಲ್‌ಕಾನ್ಫ್ ಎಂಬ ಫೈಲ್ ಇಲ್ಲ’ ಎಂದು ಕಂಪೈಲರೇ ಮೊದಲು ನಿಲ್ಲಿಸುತ್ತದೆ. ಎರಡು ದೋಷ ಸಂದೇಶ, ಕಾರಣ ಒಂದೇ.

ಪರಿಹಾರಕ್ಕೆ ಡೆಬಿಯನ್‌ನಲ್ಲಿ ‘ಮಲ್ಟಿಆರ್ಚ್’ ಎಂಬ ವ್ಯವಸ್ಥೆ ಇದೆ. 2013ರಲ್ಲಿ ಬಂದ ಡೆಬಿಯನ್ 7ರಿಂದ ಇದು ಬಳಕೆಯಲ್ಲಿದೆ. ಲೈಬ್ರರಿಗಳನ್ನು ಒಂದೇ ಲಿಬ್ ಫೋಲ್ಡರಿಗೆ ತುಂಬದೆ, ಎಕ್ಸ್86ರದ್ದಕ್ಕೆ ಒಂದು, ‘ಎಆರ್ಚ್64-ಲಿನಕ್ಸ್-ಗ್ನೂ’ ಎಂಬ ಹೆಸರಿನಲ್ಲಿ ಆರ್ಮ್64ರದ್ದಕ್ಕೆ ಇನ್ನೊಂದು ಒಳಫೋಲ್ಡರ್ ಕೊಡಲಾಗಿದೆ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಒಂದೇ ಕಂಟೇನರಿನಲ್ಲಿ ಜಗಳವಿಲ್ಲದೆ ಇರಬಲ್ಲವು.

ಮಾಡಬೇಕಾದ್ದು ಹೀಗೆ. ಮೊದಲು ಡಿಪಿಕೆಜಿಗೆ (ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಸಾಧನ) ‘ಆಡ್-ಆರ್ಕಿಟೆಕ್ಚರ್’ ಆಯ್ಕೆಯೊಂದಿಗೆ ಆರ್ಮ್64 ಎಂದು ತಿಳಿಸಿ. ಆಮೇಲೆ ಆಪ್ಟ್ ಅಪ್‌ಡೇಟ್ ಮಾಡಿ. ಆಮೇಲೆ ಪ್ಯಾಕೇಜಿನ ಹೆಸರಿನ ಕೊನೆಗೆ ಒಂದು ಕೋಲನ್ ಹಾಕಿ ಆರ್ಮ್64 ಎಂದು ಸೇರಿಸಿ ಇನ್‌ಸ್ಟಾಲ್ ಮಾಡಿ. ಕ್ರಮ ಬದಲಾಗಬಾರದು. ಅಪ್‌ಡೇಟ್ ಆದ ಮೇಲೆ ಆರ್ಕಿಟೆಕ್ಚರ್ ಸೇರಿಸಿದರೆ ಆರ್ಮ್64ರ ಪ್ಯಾಕೇಜ್ ಪಟ್ಟಿಯೇ ಇಳಿದಿರುವುದಿಲ್ಲ, ‘ಪ್ಯಾಕೇಜ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಡಾಕರ್‌ಫೈಲಿನಲ್ಲಾದರೆ (ಕಂಟೇನರ್ ಇಮೇಜ್ ಕಟ್ಟುವ ಸೂಚನೆಗಳ ಫೈಲು) ಈ ಮೂರನ್ನೂ ಒಂದೇ ರನ್ ಸಾಲಿನಲ್ಲಿ ಬರೆಯಿರಿ. ಬೇರೆ ಬೇರೆ ಬರೆದರೆ ಅಪ್‌ಡೇಟ್ ಆದ ಲೇಯರ್ ಕ್ಯಾಶಿನಲ್ಲಿ ಹಳತಾಗಿ ಕುಳಿತು, ಸರ್ವರಿನಲ್ಲಿ ಈಗಿಲ್ಲದ ಹಳೆಯ ಪ್ಯಾಕೇಜನ್ನು ಹುಡುಕಹೊರಡುತ್ತದೆ.

ಯಾವುದಕ್ಕೆ ಆರ್ಮ್64 ಎಂದು ಸೇರಿಸಬೇಕು, ಯಾವುದಕ್ಕೆ ಸೇರಿಸಬಾರದು ಎಂಬುದನ್ನು ನಿಧಾನವಾಗಿ ಯೋಚಿಸಿ. ನಿಮ್ಮ ಪ್ರೋಗ್ರಾಮಿಗೆ ಲಿಂಕ್ ಆಗುವ ಲೈಬ್ರರಿಗಳೆಲ್ಲ ಟಾರ್ಗೆಟ್‌ನವು, ಅಂದರೆ ಬೋರ್ಡಿನ ಆರ್ಕಿಟೆಕ್ಚರಿನವು. ಬಿಲ್ಡ್ ನಡೆಯುವಾಗ ಓಡುವ ಮೇಕ್, ಸಿಮೇಕ್, ಪೈಥಾನ್, ಕೋಡ್ ಹುಟ್ಟಿಸುವ ಸಾಧನಗಳೆಲ್ಲ ಕಂಟೇನರಿನ ಸ್ವಂತ ಆರ್ಕಿಟೆಕ್ಚರಿನವು. ಕ್ರಾಸ್ ಕಂಪೈಲರ್ ಕೂಡ ಎಕ್ಸ್86ರ ಪ್ರೋಗ್ರಾಮೇ, ಆರ್ಮ್64ರ ಕೋಡ್ ಹೊರಹಾಕುತ್ತದೆ ಅಷ್ಟೆ. ಅದನ್ನು ಮತ್ತು ಅದರ ಸಂಗಾತಿಗಳನ್ನು ಒಟ್ಟಿಗೆ ತರುವುದು ‘ಕ್ರಾಸ್‌ಬಿಲ್ಡ್-ಎಸೆನ್ಷಿಯಲ್-ಆರ್ಮ್64’ ಎಂಬ ಪ್ಯಾಕೇಜ್. ಹೆಸರಿನಲ್ಲೇ ಆರ್ಮ್64 ಇದ್ದರೂ ಅದಕ್ಕೆ ಕೋಲನ್ ಹಾಕುವಂತಿಲ್ಲ. ಎಲ್ಲದಕ್ಕೂ ಕಣ್ಣುಮುಚ್ಚಿ ಕೋಲನ್ ಹಾಕಿದರೆ ಆರ್ಮ್64ರ ಸಾಧನಗಳು ಬಂದು ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎನ್ನುತ್ತವೆ. ಯಂತ್ರದಲ್ಲಿ ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಮೊದಲೇ ನೋಂದಣಿಯಾಗಿದ್ದರೆ ಆ ದೋಷವೂ ಬರುವುದಿಲ್ಲ, ಬಿಲ್ಡ್ ಮಾತ್ರ ಕಾರಣ ಹೇಳದೆ ಆಮೆಯಂತೆ ತೆವಳುತ್ತದೆ.

ಹೆಸರುಗಳ ಗೊಂದಲವೂ ಸಣ್ಣದಲ್ಲ. ಡೆಬಿಯನ್ ಆರ್ಮ್64 ಎನ್ನುವುದನ್ನು ಕಂಪೈಲರ್ ಎಆರ್ಚ್64 ಎನ್ನುತ್ತದೆ. 32 ಬಿಟ್ ಬೋರ್ಡನ್ನು ಡೆಬಿಯನ್ ಆರ್ಮ್‌ಎಚ್‌ಎಫ್ ಎಂದು ಕರೆದರೆ ಡಾಕರ್ ಆರ್ಮ್ ವಿ7 ಎನ್ನುತ್ತದೆ. ಆಪ್ಟ್‌ಗೆ ಬೇಕಾದ್ದು ಯಾವಾಗಲೂ ಡೆಬಿಯನ್ ಇಟ್ಟ ಹೆಸರು.

ಉಬುಂಟು ಕಂಟೇನರ್ ಬಳಸುವವರಿಗೆ ಇನ್ನೊಂದು ತೊಡಕಿದೆ, ಇದರಲ್ಲಿ ಸಿಕ್ಕಿಕೊಳ್ಳುವವರು ತುಂಬ. ಡೆಬಿಯನ್‌ನ ಮುಖ್ಯ ಆರ್ಕಿಟೆಕ್ಚರ್‌ಗಳೆಲ್ಲ ಒಂದೇ ವಿಳಾಸದಲ್ಲಿ ಸಿಗುತ್ತವೆ. ಉಬುಂಟುವಿನ ಎಕ್ಸ್86 ಇಮೇಜ್‌ಗಳು ಮಾತ್ರ ಎಕ್ಸ್86 ಪ್ಯಾಕೇಜುಗಳಿರುವ ಆರ್ಕೈವ್ ಸರ್ವರನ್ನಷ್ಟೇ ತಿಳಿದಿರುತ್ತವೆ, ಆರ್ಮ್64 ಸಾಂಪ್ರದಾಯಿಕವಾಗಿ ‘ಪೋರ್ಟ್ಸ್’ ಎಂಬ ಬೇರೆ ಸರ್ವರಿನಲ್ಲಿದೆ. ಹಾಗಾಗಿ ಆರ್ಕಿಟೆಕ್ಚರ್ ಸೇರಿಸಿ ಅಪ್‌ಡೇಟ್ ಕೊಟ್ಟರೆ ಸಾಲುಸಾಲಾಗಿ 404 ದೋಷಗಳು ಬರುತ್ತವೆ. ಹಳೆಯ ಮೂಲಗಳಿಗೆ ‘ಇವು ಎಎಂಡಿ64ಕ್ಕೆ ಮಾತ್ರ’ (ಎಕ್ಸ್86-64ಕ್ಕೆ ಡೆಬಿಯನ್, ಉಬುಂಟು ಇಟ್ಟ ಹೆಸರು) ಎಂಬ ನಿರ್ಬಂಧ ಹಾಕಿ, ಪೋರ್ಟ್ಸ್ ಸರ್ವರನ್ನು ‘ಆರ್ಮ್64ಕ್ಕೆ ಮಾತ್ರ’ ಎಂದು ಹೊಸದಾಗಿ ಸೇರಿಸಬೇಕು. ಉಬುಂಟು 24.04ರಿಂದ ಈ ಪಟ್ಟಿ ಸೋರ್ಸಸ್.ಲಿಸ್ಟ್ ಎಂಬ ಹಳೆಯ ಫೈಲಿನಲ್ಲಿಲ್ಲ, ಅದರ ಹೆಸರಿನ ಒಳಫೋಲ್ಡರಿನಲ್ಲಿರುವ ಉಬುಂಟು.ಸೋರ್ಸಸ್ ಎಂಬ ಫೈಲಿನಲ್ಲಿ, ಬೇರೆ ವಿನ್ಯಾಸದಲ್ಲಿದೆ. ಹಳೆಯ ಸೂಚನೆಗಳನ್ನು ಹಾಗೆಯೇ ಅಂಟಿಸಿದರೆ ಕೆಲಸ ಆಗದಿರಲು ಇದೇ ಕಾರಣ. ಆಯ್ಕೆ ನಿಮ್ಮದೇ ಆಗಿದ್ದರೆ ಈ ಕೆಲಸಕ್ಕೆ ಡೆಬಿಯನ್ ಇಮೇಜನ್ನೇ ಹಿಡಿಯಿರಿ ಎನ್ನುತ್ತೇನೆ.

ಲೈಬ್ರರಿ ಬಂದ ಮೇಲೂ ಅರ್ಧ ಕೆಲಸ ಉಳಿದಿರುತ್ತದೆ, ಬಿಲ್ಡ್ ವ್ಯವಸ್ಥೆ ಅದನ್ನು ಸರಿಯಾದ ಜಾಗದಲ್ಲಿ ಹುಡುಕಬೇಕಲ್ಲ. ಲೈಬ್ರರಿ ಎಲ್ಲಿದೆ ಎಂದು ಬಿಲ್ಡ್‌ಗೆ ಹೇಳುವ ಪಿಕೆಜಿ-ಕಾನ್ಫಿಗ್ ತಾನಾಗಿ ನೋಡುವುದು ಎಕ್ಸ್86ರ ಫೋಲ್ಡರನ್ನು. ‘ಪಿಕೆಜಿ ಕಾನ್ಫಿಗ್ ಪಾತ್’ ಎಂಬ ಪರಿಸರ ಚರಾಂಶ ಕೊಟ್ಟು ಸರಿಪಡಿಸಲು ಹೊರಡುವವರೇ ಹೆಚ್ಚು. ಅದು ಹೊಸ ಜಾಗವನ್ನು ಪಟ್ಟಿಯ ಮುಂದೆ ಸೇರಿಸುತ್ತದೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ಆರ್ಮ್64ರಲ್ಲಿ ಒಂದು ಲೈಬ್ರರಿ ಬಿಟ್ಟುಹೋಗಿದ್ದರೆ ಸದ್ದಿಲ್ಲದೆ ಎಕ್ಸ್86ರದ್ದನ್ನು ತೋರಿಸಿಬಿಡುತ್ತದೆ. ‘ಪಿಕೆಜಿ ಕಾನ್ಫಿಗ್ ಲಿಬ್‌ಡಿರ್’ ಎಂಬ ಚರಾಂಶ ಇಡೀ ಪಟ್ಟಿಯನ್ನೇ ಬದಲಿಸುತ್ತದೆ. ಅದಕ್ಕೆ ಎಆರ್ಚ್64 ಫೋಲ್ಡರಿನೊಳಗಿನ ಪಿಕೆಜಿಕಾನ್ಫಿಗ್ ಹಾಗೂ ಶೇರ್ ಫೋಲ್ಡರಿನೊಳಗಿನ ಪಿಕೆಜಿಕಾನ್ಫಿಗ್, ಇವೆರಡನ್ನು ಮಾತ್ರ ಕೊಡಿ. ಕೊರತೆ ಇದ್ದರೆ ಆಗಲೇ, ಸ್ಪಷ್ಟವಾಗಿ ಗೊತ್ತಾಗುತ್ತದೆ. ರಸ್ಟ್ ಭಾಷೆ ಬಳಸುವವರು ಇದರ ಜೊತೆಗೆ ‘ಪಿಕೆಜಿ ಕಾನ್ಫಿಗ್ ಅಲೌ ಕ್ರಾಸ್’ ಚರಾಂಶಕ್ಕೆ 1 ಎಂದು ಕೊಡಬೇಕಾಗುತ್ತದೆ.

ಸಿಮೇಕ್‌ಗೆ ಟೂಲ್‌ಚೈನ್ ಫೈಲ್ ಬರೆದು ಸಿಸ್ಟಮ್ ಹೆಸರು, ಪ್ರೊಸೆಸರ್, ಕಂಪೈಲರ್ ಮೂರನ್ನೂ ಹೇಳಿ. ಮೊದಲು ತಪ್ಪಾಗಿ ಓಡಿಸಿದ್ದರೆ ಆ ಬಿಲ್ಡ್ ಫೋಲ್ಡರನ್ನು ಅಳಿಸಿ ಮತ್ತೆ ಶುರುಮಾಡಿ, ಏಕೆಂದರೆ ಸಿಕ್ಕಿದ ಎಕ್ಸ್86 ಲೈಬ್ರರಿಯ ದಾರಿ ಅದರ ಕ್ಯಾಶಿನಲ್ಲಿ ಉಳಿದಿರುತ್ತದೆ. ಲಿಂಕರ್ ‘ಫೈಲ್ ಇನ್ ರಾಂಗ್ ಫಾರ್ಮ್ಯಾಟ್’ ಎಂದರೆ ಲೈಬ್ರರಿ ಸಿಕ್ಕಿದೆ, ಆದರೆ ಅದು ಬೇರೆ ಆರ್ಕಿಟೆಕ್ಚರಿನದು ಎಂದರ್ಥ.

ಕೆಲವೊಮ್ಮೆ ಆಪ್ಟ್ ಇನ್‌ಸ್ಟಾಲ್ ಮಾಡುವ ಬದಲು ಇರುವ ಪ್ಯಾಕೇಜುಗಳನ್ನೇ ತೆಗೆಯುತ್ತೇನೆ ಎನ್ನುತ್ತದೆ. ಅಲ್ಲಿ ‘ಯೆಸ್’ ಎನ್ನಬೇಡಿ. ಎರಡೂ ಆರ್ಕಿಟೆಕ್ಚರಿನ ಲೈಬ್ರರಿ ಒಟ್ಟಿಗೆ ಇರಬೇಕಾದರೆ ಅವುಗಳ ಆವೃತ್ತಿ ಅಕ್ಷರಶಃ ಒಂದೇ ಆಗಿರಬೇಕು. ಎಕ್ಸ್86ರದ್ದು ಬ್ಯಾಕ್‌ಪೋರ್ಟ್ಸ್‌ನಿಂದಲೋ (ಹೊಸ ಆವೃತ್ತಿಗಳ ಹೆಚ್ಚುವರಿ ಮೂಲ) ಹೊರಗಿನ ರೆಪಾಸಿಟರಿಯಿಂದಲೋ ಬಂದಿದ್ದರೆ ಹೊಂದಾಣಿಕೆ ಆಗುವುದಿಲ್ಲ. ಎಲ್ಲಿ ತಪ್ಪಿದೆ ಎಂದು ‘ಆಪ್ಟ್-ಕ್ಯಾಶ್ ಪಾಲಿಸಿ’ ತೋರಿಸುತ್ತದೆ. ಕೆಲವು ಪ್ಯಾಕೇಜುಗಳನ್ನು ಜೊತೆಯಾಗಿ ಇಡಲು ಬರುವುದೇ ಇಲ್ಲ. ಆಗ ಆರ್ಮ್64ರ ಡೆಬ್ ಫೈಲನ್ನು ಆಪ್ಟ್‌ನಿಂದ ಬರೀ ಡೌನ್‌ಲೋಡ್ ಮಾಡಿ, ಡಿಪಿಕೆಜಿ-ಡೆಬ್‌ನಿಂದ ಪ್ರತ್ಯೇಕ ಫೋಲ್ಡರಿಗೆ ಬಿಚ್ಚಿ, ಆ ಜಾಗವನ್ನು ಕಂಪೈಲರಿಗೆ ತೋರಿಸಬಹುದು. ಅವಲಂಬನೆಗಳನ್ನು ಒಂದೊಂದಾಗಿ ನೀವೇ ತರಬೇಕಾದ್ದು ಇದರ ಕಷ್ಟ.

ಬಿಲ್ಡ್ ಮುಗಿದ ಮೇಲೆ ಹೊರಬಂದ ಫೈಲನ್ನು ‘ಫೈಲ್’ ಕಮಾಂಡಿಗೆ ಕೊಟ್ಟು ನೋಡಿ, ಎಆರ್ಚ್64 ಎಂದು ಕಾಣಬೇಕು. ಕಂಡರೂ ಬೋರ್ಡಿನಲ್ಲಿ ಓಡದಿರಬಹುದು. ಡೆಬಿಯನ್ 12ರಲ್ಲಿರುವ ಸಿ ಲೈಬ್ರರಿ ಜಿಲಿಬ್‌ಸಿ 2.36, ಡೆಬಿಯನ್ 11ರಲ್ಲಿ 2.31. ಹೊಸದರಲ್ಲಿ ಕಟ್ಟಿದ್ದನ್ನು ಹಳೆಯದರಲ್ಲಿ ಓಡಿಸಿದರೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬಂಥ ಸಂದೇಶ ಬರುತ್ತದೆ. ಆದ್ದರಿಂದ ಬೋರ್ಡಿನಲ್ಲಿ ಯಾವ ಬಿಡುಗಡೆ ಇದೆ ಎಂದು ಮೊದಲು ನೋಡಿಕೊಂಡು, ಅದೇ ಬಿಡುಗಡೆಯ ಇಮೇಜನ್ನೇ ಡಾಕರ್‌ಫೈಲಿನ ಮೊದಲ ಸಾಲಿಗೆ ಹಾಕಿ.