ತಟ್ಟೆಯಲ್ಲಿ ಹಾಲು ಲೋಳೆಯಾದಾಗ

ಜಗಳೂರು ತಾಲ್ಲೂಕಿನ ಒಂದು ಊರು. ಸಂಜೆ ಹಾಲು ಕರೆಯುವ ಹೊತ್ತು. ಒಂದು ಕೊಟ್ಟಿಗೆಯ ಮುಂದೆ ಇಪ್ಪತ್ತು ಜನ ಸೇರಿದ್ದರು. ಎಲ್ಲರ ಮನೆಯಲ್ಲೂ ಒಂದೋ ಎರಡೋ ಹಸು, ಅಷ್ಟೇ. ಬಂದಿದ್ದ ಪಶುವೈದ್ಯರು ಭಾಷಣ ಮಾಡಲಿಲ್ಲ. ನಾಲ್ಕು ಬಟ್ಟಲಿರುವ ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಆ ಮನೆಯ ಹೆಂಗಸಿನ ಕೈಗೆ ಕೊಟ್ಟರು. ಮೊದಲ ಎರಡು ಸೆಳೆ ಚೆಲ್ಲಿ, ಆಮೇಲೆ ಒಂದೊಂದು ಮೊಲೆಯಿಂದ ಒಂದೊಂದು ಬಟ್ಟಲಿಗೆ ಸ್ವಲ್ಪ ಹಾಲು ಹಿಂಡಲು ಹೇಳಿದರು. ಅಷ್ಟೇ ಅಳತೆಯ ಔಷಧದ ನೀರು ಹಾಕಿ, ತಟ್ಟೆಯನ್ನು ಮೆಲ್ಲಗೆ ಆಡಿಸಲು ಹೇಳಿದರು.

ಮೂರು ಬಟ್ಟಲಲ್ಲಿ ಹಾಲು ನೀರಿನ ಹಾಗೆ ಓಡಾಡಿತು. ನಾಲ್ಕನೆಯದರಲ್ಲಿ ಮೊಟ್ಟೆಯ ಲೋಳೆಯ ಹಾಗೆ ಒಟ್ಟುಗೂಡಿ ನಿಂತಿತು. ಸುತ್ತ ಇದ್ದವರೆಲ್ಲ ಬಗ್ಗಿ ನೋಡಿದರು. ಆ ಹೆಂಗಸು ಮಾತ್ರ ತಟ್ಟೆ ಬಿಟ್ಟು ಹಸುವಿನ ಕೆಚ್ಚಲು ನೋಡಿದಳು. ಬಾವು ಇಲ್ಲ, ಬಿಸಿ ಇಲ್ಲ. ಬೆಳಿಗ್ಗೆ ಡೈರಿಗೆ ಹಾಕಿದ ಹಾಲೂ ಬೆಳ್ಳಗೆ, ಚೆನ್ನಾಗಿಯೇ ಇತ್ತು.

ಕೆಚ್ಚಲು ಬಾವು ಅಂದರೆ ಏನು ಎಂದು ಹಸು ಸಾಕಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಚ್ಚಲು ಕಲ್ಲಾಗುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ, ಹಾಲು ಒಡೆದು ಬರುತ್ತದೆ. ಆದರೆ ಹಾಗೇನೂ ಕಾಣಿಸದೆಯೇ ರೋಗ ವಾರಗಟ್ಟಲೆ ಒಳಗೆ ಕೂತಿರಬಹುದು. ಕೆಚ್ಚಲಿನ ನಾಲ್ಕು ಭಾಗಗಳು ಒಳಗೆ ಬೇರೆ ಬೇರೆ. ಒಂದರಲ್ಲಿ ಸೋಂಕಿದ್ದರೂ ಉಳಿದ ಮೂರರ ಹಾಲು ಬಕೆಟ್‌ನಲ್ಲಿ ಅದನ್ನು ಮುಚ್ಚಿಹಾಕುತ್ತದೆ. ದಿನಕ್ಕೆ ಅರ್ಧ ಲೀಟರೋ ಒಂದು ಲೀಟರೋ ಕಡಿಮೆಯಾದರೆ ನಾವು ಮೇವನ್ನು ಬೈಯುತ್ತೇವೆ, ಬಿಸಿಲನ್ನು ಬೈಯುತ್ತೇವೆ.

ಆ ಲೋಳೆ ಏನು? ರೋಗಾಣು ಒಳಹೊಕ್ಕರೆ ರಕ್ತದ ಬಿಳಿ ಕಣಗಳು ಕೆಚ್ಚಲಿಗೆ ನುಗ್ಗುತ್ತವೆ. ಆರೋಗ್ಯದ ಕೆಚ್ಚಲಾದರೆ ಒಂದು ಮಿಲಿಲೀಟರ್ ಹಾಲಿನಲ್ಲಿ ಕಣಗಳ ಲೆಕ್ಕ ಸಾಮಾನ್ಯವಾಗಿ 2 ಲಕ್ಷದ ಒಳಗೇ ಇರುತ್ತದೆ. ಸೋಂಕಿದ್ದರೆ ಹತ್ತಾರು ಲಕ್ಷಕ್ಕೆ ಏರಬಹುದು. ಈ ಕಣಗಳ ಹೊರಪದರದಲ್ಲಿ ಕೊಬ್ಬಿನ ಅಂಶ ಇದೆ. ಜಿಡ್ಡು ಪಾತ್ರೆಯನ್ನು ಸೋಪು ಬಿಡಿಸುವ ಹಾಗೆ, ತಟ್ಟೆಗೆ ಹಾಕಿದ ನೀರು ಆ ಪದರವನ್ನು ಒಡೆಯುತ್ತದೆ. ಒಳಗೆ ಸುತ್ತಿಟ್ಟಿದ್ದ ಡಿಎನ್‌ಎಯ ಉದ್ದನೆಯ ಎಳೆಗಳು ಹೊರಬಂದು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಕಣ ಜಾಸ್ತಿ ಇದ್ದಷ್ಟೂ ಲೋಳೆ ಗಟ್ಟಿ. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಈ ಪರೀಕ್ಷೆಗೆ ಲ್ಯಾಬ್ ಬೇಡ, ಕರೆಂಟ್ ಬೇಡ. ಔಷಧದ ನೀರು ಸಿಗದಿದ್ದರೆ ಅರ್ಧ ಲೀಟರ್ ನೀರಿಗೆ ಸುಮಾರು 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿದರೂ ನಡೆಯುತ್ತದೆ. ಒಂದು ಎಚ್ಚರ ಬೇಕು. ಕರು ಹಾಕಿದ ಹೊಸತರಲ್ಲಿ, ಹಾಗೇ ಹಾಲು ಬತ್ತುವ ಹೊತ್ತಿನಲ್ಲಿ, ಸೋಂಕಿಲ್ಲದೆಯೂ ಹಾಲು ಲೋಳೆಯಾಗಬಹುದು.

ರೈತರ ತರಬೇತಿ ಎಂದರೆ ನನಗೆ ಈ ತಟ್ಟೆಯೇ ನೆನಪಾಗುತ್ತದೆ. ಹಸುವಿನ ಒಳಗೆ ನಡೆಯುವ ಮುಖ್ಯ ಸಂಗತಿಗಳು ಕಣ್ಣಿಗೆ ಕಾಣುವುದಿಲ್ಲ. ಹಾಲು ಕರೆದ ಮೇಲೆ ಮೊಲೆಯ ತುದಿಯ ಬಾಯಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ರೋಗಾಣುಗಳಿಗೆ ದಾರಿ ತೆರೆದಿಟ್ಟ ಹಾಗೆ. ಅದಕ್ಕೇ ಕರೆದ ಕೂಡಲೇ ಗೋದಲಿಗೆ ಮೇವು ಹಾಕಿ, ಅದು ನಿಂತೇ ತಿನ್ನಲಿ ಅನ್ನುವುದು. ಇದನ್ನು ಹಾಳೆಯಲ್ಲಿ ಅಚ್ಚು ಹಾಕಿ ಹಂಚಬಹುದು. ಆದರೆ ಲೋಳೆಯನ್ನು ಕಣ್ಣಾರೆ ಕಂಡವಳು ಮಾರನೇ ದಿನದಿಂದ ಸುಮ್ನೆ ಇರುವುದಿಲ್ಲ.

ಕೈಯ ವಿದ್ಯೆಯನ್ನಂತೂ ಮಾತಿನಲ್ಲಿ ಹೇಳಿಕೊಡಲು ಆಗುವುದೇ ಇಲ್ಲ. ನನ್ನ ಅಜ್ಜಿ ಹೆಬ್ಬೆರಳು ಮಡಚಿ, ಅದರ ಗೆಣ್ಣಿನಿಂದ ಮೊಲೆ ಒತ್ತಿ ಹಾಲು ಕರೆಯುತ್ತಿದ್ದರು. ಇಲ್ಲಿ ತುಂಬಾ ಜನರ ರೂಢಿ ಅದೇ. ಆದರೆ ದಿನಕ್ಕೆರಡು ಹೊತ್ತು ಬೀಳುವ ಆ ಒತ್ತಡ ಮೊಲೆಯ ಒಳಚರ್ಮಕ್ಕೆ ಪೆಟ್ಟು ಮಾಡುತ್ತದೆ. ಇಡೀ ಅಂಗೈಯಲ್ಲಿ ಹಿಡಿದು ಮೇಲಿನಿಂದ ಒಂದೊಂದೇ ಬೆರಳು ಮುಚ್ಚುತ್ತಾ ಬರುವುದು ಒಳ್ಳೆಯದು. ಹೇಳುವುದು ಸುಲಭ. ಮೂವತ್ತು ವರ್ಷದ ಕೈ ಅಷ್ಟು ಬೇಗ ಮಾತು ಕೇಳುತ್ತದೆಯೇ? ರಬ್ಬರ್ ಗ್ಲೌಸ್‌ಗೆ ನೀರು ತುಂಬಿ, ಬೆರಳಿನ ತುದಿಗೆ ಸೂಜಿಯಲ್ಲಿ ಚುಚ್ಚಿ, ಅದನ್ನು ಹಿಂಡುತ್ತಾ ಅಭ್ಯಾಸ ಮಾಡಬೇಕು. ಪಕ್ಕದವಳು ನೋಡಿ ತಿದ್ದಬೇಕು.

ಇನ್ನು ಮೇವಿಗೆ ಬರೋಣ. ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಬರವಿಲ್ಲ. ಆದರೆ ತೆನೆ ಮುರಿದ ಮೇಲೆ ಒಣಗಿ ನಿಲ್ಲುವ ಸಪ್ಪೆಯಲ್ಲಿ ಸತ್ವ ಕಡಿಮೆ. ಅದೇ ಬೆಳೆಯನ್ನು ಕಾಳು ಹಾಲುತುಂಬಿ ಗಟ್ಟಿಯಾಗುತ್ತಿರುವಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿ ಇರದ ಹಾಗೆ ತುಳಿದು ಚೀಲದಲ್ಲಿ ಬಿಗಿದರೆ ಸೈಲೇಜ್, ಅಂದರೆ ರಸಮೇವು. ಮೊಸರಿನಲ್ಲಿ ಕೆಲಸ ಮಾಡುವಂಥ ಬ್ಯಾಕ್ಟೀರಿಯಾಗಳೇ ಇಲ್ಲೂ ಹುಳಿ ಹುಟ್ಟಿಸುತ್ತವೆ. ಆ ಹುಳಿ ಮೇವನ್ನು ಕೆಡದಂತೆ ಕಾಯುತ್ತದೆ. ತೇವ 65ರಿಂದ 70 ಶೇಕಡಾ ಇರಬೇಕು. ಅಳೆಯಲು ಯಂತ್ರ ಬೇಡ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಡಿ. ನೀರು ತೊಟ್ಟಿಕ್ಕಬಾರದು, ಉಂಡೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಸುಮಾರು 45 ದಿನದ ಮೇಲೆ ಚೀಲ ಬಿಚ್ಚುವ ದಿನ ಅಕ್ಕಪಕ್ಕದವರನ್ನು ಕರೆಯಬೇಕು. ಹಿತವಾದ ಹುಳಿ ವಾಸನೆ ಬರುತ್ತದೆ, ಹಸು ಚೀಲಕ್ಕೇ ಬಾಯಿ ಹಾಕುತ್ತದೆ. ಅಲ್ಲಿಗೆ ಬಂದವರಲ್ಲಿ ಯಾರಾದರೂ ಒಬ್ಬರು ಮುಂದಿನ ಸಲ ಚೀಲ ಕೇಳಿಯೇ ಕೇಳುತ್ತಾರೆ.

ಮೆಕ್ಕೆಜೋಳದ ವಿಷಯದಲ್ಲೇ ಒಂದು ಹಳೆಯ ಅಧ್ಯಯನ ಇದೆ. ಅಮೆರಿಕದ ಅಯೋವಾ ಪ್ರಾಂತ್ಯದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಎಂದು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಂಶೋಧಕರು 250ಕ್ಕೂ ಹೆಚ್ಚು ರೈತರನ್ನು ಕೇಳಿದರು. 1943ರಲ್ಲಿ ಅದು ಪ್ರಕಟವಾಯಿತು. ಹೊಸ ಬೀಜದ ಸುದ್ದಿ ಮೊದಲು ಸಿಕ್ಕಿದ್ದು ಹೆಚ್ಚಾಗಿ ಬೀಜ ಮಾರುವವರಿಂದ. ಆದರೆ ಬಿತ್ತುವ ಮನಸ್ಸು ಮಾಡಿಸಿದ್ದು ಹೆಚ್ಚಾಗಿ ನೆರೆಹೊರೆಯವರು.

ಇದು ಬರೀ ನಂಬಿಕೆಯ ಮಾತಲ್ಲ. ಇದರಲ್ಲಿ ಒಳ್ಳೆಯ ವಿಜ್ಞಾನವೂ ಇದೆ. ಕರು ಹಾಕಿದ ಮೇಲೆ ಹಸುವಿನ ಹಾಲು ಏರುತ್ತಾ ಹೋಗಿ, ಸುಮಾರು 6ರಿಂದ 8 ವಾರಕ್ಕೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ನೀವು ಎರಡನೇ ವಾರ ಖನಿಜ ಮಿಶ್ರಣ ಕೊಡಲು ಶುರು ಮಾಡಿದರೆ ಹಾಲು ಹೇಗೂ ಏರುತ್ತದೆ, ಪುಡಿಗೆ ಹೆಸರು ಬರುತ್ತದೆ. ನಾಲ್ಕನೇ ತಿಂಗಳಲ್ಲಿ ಶುರು ಮಾಡಿದರೆ ಹಾಲು ಹೇಗೂ ಇಳಿಯುತ್ತದೆ, ಅದೇ ಪುಡಿ ಕೆಟ್ಟದ್ದಾಗುತ್ತದೆ. ಒಂದೇ ಹಸು ಇರುವವರು ಏನೆಂದು ತೀರ್ಮಾನ ಮಾಡಬೇಕು? ಹತ್ತು ಮನೆಯವರು ಕೂತು, ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕರು ಹಾಕಿದ ಹಸುಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ನಿಜ ಕಾಣುತ್ತದೆ. ಕೊಟ್ಟವರು ಅರ್ಧ, ಕೊಡದವರು ಅರ್ಧ. ಎಲ್ಲರ ಹತ್ತಿರವೂ ಡೈರಿಯ ಪಾಸ್‌ಬುಕ್ ಇದ್ದೇ ಇರುತ್ತದೆ, ಅಲ್ವಾ?

ಹೀಗೆ ಹೋಲಿಸಿ ಕಲಿಯುವ ರೈತರ ಶಾಲೆಗಳು 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರುವಾದವು. ಜಿಗಿಹುಳದ ಕಾಟಕ್ಕೆ ಕಂಡಕಂಡ ಹಾಗೆ ಔಷಧ ಹೊಡೆಯುವುದನ್ನು ಬಿಟ್ಟು, ರೈತರು ವಾರವಾರ ಗದ್ದೆಗಿಳಿದು ಹುಳಗಳನ್ನು ತಾವೇ ನೋಡಿ, ಎಣಿಸಿ ನಿರ್ಧಾರ ಮಾಡಿದರು. 2000ದ ನಂತರ ಕೆನ್ಯಾದಲ್ಲಿ ಇದೇ ಕ್ರಮ ಹೈನುಗಾರಿಕೆಗೂ ಬಂತು. ನಮ್ಮಲ್ಲಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹಿರಿಯೂರಿನ ಬಬ್ಬೂರು ಫಾರಂನಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ. ಊರೂರಿನಲ್ಲಿ ಹಾಲಿನ ಸಂಘ ಇದೆ. ಬೇಕಾದ ಜಾಗ, ಜನ ಎರಡೂ ಇದೆ.

ನನ್ನ ತಕರಾರು ಸಮಯದ ಬಗ್ಗೆ. ನಾನು ನೋಡಿದ ತರಬೇತಿಗಳಲ್ಲಿ ಹೆಚ್ಚಿನವು ಪೇಟೆಯ ಸಭಾಂಗಣದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಬಸ್ಸು ಹತ್ತಿ ಬರುವವರು ಗಂಡಸರು. ಕೊಟ್ಟಿಗೆ ಗುಡಿಸುವವರು, ಹಾಲು ಕರೆಯುವವರು, ಹಸು ಬೆದೆಗೆ ಬಂದದ್ದನ್ನು ಮೊದಲು ಗುರುತಿಸುವವರು ಮನೆಯಲ್ಲೇ ಉಳಿಯುತ್ತಾರೆ.

ನೀರಿನ ವಿಷಯವನ್ನೇ ನೋಡಿ. ಹಾಲಿನಲ್ಲಿ ಸುಮಾರು 87 ಶೇಕಡಾ ನೀರೇ. ಹಸುವಿಗೆ ಬೇಕೆಂದಾಗ ನೀರು ಸಿಗಬೇಕು ಎಂದು ತಜ್ಞರು ಹೇಳುತ್ತಾರೆ. ಸರಿಯಾದ ಮಾತು. ಆದರೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬೇಸಿಗೆಯಲ್ಲಿ ಕೊಡ ಹೊತ್ತು ತರುವವಳಿಗೆ ಅದು ಭಾರದ ಮಾತು. ರಾತ್ರಿ ನಲ್ಲಿ ಬಂದಾಗ ಅರ್ಧ ಕತ್ತರಿಸಿದ ಡ್ರಮ್ಮಿಗೆ ನೀರು ಬಿಟ್ಟು, ಅದನ್ನು ಗೋದಲಿಯ ಪಕ್ಕವೇ ನೆರಳಲ್ಲಿಡುವ ಉಪಾಯ ಅಂಥದೇ ಇನ್ನೊಬ್ಬಳಿಂದ ಮಾತ್ರ ಬರುತ್ತದೆ.

ಜಗಳೂರಿನ ಆ ಊರಿಗೆ ಎರಡು ವಾರದ ಮೇಲೆ ಮತ್ತೆ ಹೋಗಿದ್ದೆ. ಆ ಹೆಂಗಸು ಮನೆಯಲ್ಲಿ ಇರಲಿಲ್ಲ. ಎರಡು ಮನೆ ಆಚೆ, ಬೇರೆಯವರ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ತಟ್ಟೆ ವೈದ್ಯರ ಜೊತೆ ಹೋಗಿತ್ತು. ಮುಂದೆ ನಾಲ್ಕು ಸ್ಟೀಲ್ ಲೋಟ, ಪಕ್ಕದಲ್ಲಿ ಬಾಟಲಿಯಲ್ಲಿ ಬಟ್ಟೆ ಪುಡಿಯ ನೀರು. ಮೊದಲ ಎರಡು ಸೆಳೆ ಚೆಲ್ಲು ಎಂದು ಆ ಮನೆಯವಳಿಗೆ ಹೇಳಿಕೊಡುತ್ತಿದ್ದಳು.